ಮಹಡಿಯ ಕಂಪ್ಯೂಟರಿಗೆ ಅಂತರಜಾಲ ಏಕೆ ಬರುತ್ತಿಲ್ಲ?

ಪ್ರಶ್ನೆ: ಮಾನ್ಯರೇ, ನಮ್ಮ ಮನೆಯಲ್ಲಿ ಎರಡು ಕಂಪ್ಯೂಟರುಗಳಿದ್ದು, ಎರಡರಲ್ಲೂ ವಿಂಡೋಸ್ 98 ಸೆಕೆಂಡ್ ಎಡಿಷನ್ ಇದೆ. ಕೆಳಗಿನ ಕೋಣೆಯದಕ್ಕೆ, ದೂರವಾಣಿ ತಂತಿಯ ಮೂಲಕ ಅಂತರಜಾಲಕ್ಕೆ ಸೇರಿಸುವ 56ಕೆ ಮೋಡೆಮ್ ಜೋಡಿಸಿದೆ. ಮಹಡಿಯದು ಹಬ್ (ಕೇಬಲುಗಳನ್ನು ಒಂದೆಡೆ ಕೂಡಿಸುವ ಪೆಟ್ಟಿಗೆ) ಮೂಲಕ ಅದಕ್ಕೆ ಸೇರಿದೆ. ಒಂದೇ ಡಯಲ್-ಅಪ್ ಸಂಪರ್ಕವನ್ನು ಎರಡೂ ಬಳಸಲೆಂದು ಕೆಳಗಿನದರಲ್ಲಿ ಸಂಪರ್ಕ ಹಂಚಿಕೆಯನ್ನು ಹಾಕಿದ್ದೇನೆ. ಮಹಡಿಯಿಂದ ಕೆಳಗಿನ ಫೋಲ್ಡರುಗಳು ತೆರೆಯುತ್ತವೆ, ಕೆಳಗಿನ ಪ್ರಿಂಟರಿನಲ್ಲಿ ಮುದ್ರಣವೂ ಆಗುತ್ತದೆ, ಆದರೆ ವೆಬ್ ಪುಟ ಒಂದೂ ತೆರೆಯುವುದಿಲ್ಲ. ಜಾಲದ ವಿಳಾಸ ತೋರಿಸುವ ವಿನ್‌ಐಪಿಸಿಎಫ್‌ಜಿಯಲ್ಲಿ (winipcfg) ಮಹಡಿಯದನ್ನು ನೋಡಿದರೆ 0.0.0.0 ಎಂದು ಬರುತ್ತದೆ. ಕೇಬಲನ್ನು ಎರಡು ಸಲ ಬದಲಿಸಿದೆ, ವಿಂಡೋಸನ್ನೂ ಮತ್ತೆ ಹಾಕಿದೆ. ಮುಂದೇನು ಮಾಡಲಿ?

ಉತ್ತರ: ವಿಂಡೋಸನ್ನು ಮತ್ತೆ ಹಾಕುವ ಮೊದಲೇ ಬರೆದಿದ್ದರೆ ನಿಮ್ಮದೊಂದು ಭಾನುವಾರ ಉಳಿಯುತ್ತಿತ್ತು. ಕೇಬಲ್ ಬದಲಿಸುವ ಅಗತ್ಯವಂತೂ ಇರಲೇ ಇಲ್ಲ. ಫೋಲ್ಡರು ತೆರೆಯುತ್ತದೆ ಎಂದರೆ ಕೇಬಲ್, ಹಬ್, ನೆಟ್‌ವರ್ಕ್ ಕಾರ್ಡ್ ಮೂರೂ ಸರಿಯಾಗಿವೆ ಎಂದೇ ಅರ್ಥ. ಆದರೆ ಅದರಿಂದ ನೀವು ಇನ್ನೊಂದು ತೀರ್ಮಾನಕ್ಕೂ ಬಂದಂತೆ ಕಾಣುತ್ತದೆ: ಫೋಲ್ಡರು ತೆರೆಯುವುದರಿಂದ ಜಾಲದ ಎಲ್ಲವೂ ಸರಿಯಿದೆ ಎಂದು. ನಿಮ್ಮ ಪತ್ರದಲ್ಲಿರುವ ತೊಡಕೇ ಅದು.

ವಿಂಡೋಸ್ 98ರಲ್ಲಿ ಕಂಪ್ಯೂಟರುಗಳು ಪರಸ್ಪರ ಮಾತಾಡಲು ಒಂದಕ್ಕಿಂತ ಹೆಚ್ಚು ಪ್ರೋಟೊಕಾಲ್‌ಗಳನ್ನು (ಮಾತುಕತೆಯ ನಿಯಮಗಳನ್ನು) ಹಾಕಿಕೊಳ್ಳಬಹುದು. ಮನೆಯಲ್ಲಿ ಜಾಲ ಜೋಡಿಸುವವರು ಅನೇಕ ಸಲ ನೆಟ್‌ಬ್ಯೂಯಿ (NetBEUI) ಎಂಬುದನ್ನು ಹಾಕಿಬಿಡುತ್ತಾರೆ. ಅದಕ್ಕೆ ಅಂಕಿಗಳ ವಿಳಾಸ ಬೇಕಿಲ್ಲ, ಕಂಪ್ಯೂಟರಿನ ಹೆಸರೊಂದಿದ್ದರೆ ಸಾಕು. ಹಾಕಿದ ಕೂಡಲೇ ಫೋಲ್ಡರು ಕಾಣುತ್ತದೆ, ಎಲ್ಲರಿಗೂ ಸಂತೋಷವಾಗುತ್ತದೆ. ಆದರೆ ನೆಟ್‌ಬ್ಯೂಯಿ ಮನೆಯ ಹೊಸ್ತಿಲು ದಾಟುವಂಥದ್ದಲ್ಲ. ಅಂತರಜಾಲಕ್ಕೆ ಟಿಸಿಪಿ/ಐಪಿ ಎಂಬ ಪ್ರೋಟೊಕಾಲೇ ಆಗಬೇಕು, ಅದಕ್ಕೆ ಸರಿಯಾದ ಐಪಿ ವಿಳಾಸವೂ ಬೇಕು. ನಿಮ್ಮ ಮಹಡಿಯ ಕಂಪ್ಯೂಟರು ಫೋಲ್ಡರುಗಳನ್ನು ನೆಟ್‌ಬ್ಯೂಯಿಯ ಮೂಲಕ ತೆರೆಯುತ್ತಿದ್ದು, ಅದರ ಟಿಸಿಪಿ/ಐಪಿಗೆ ವಿಳಾಸವೇ ಸಿಗದೆ ಹೋಗಿರುವ ಸಾಧ್ಯತೆ ಹೆಚ್ಚು. ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಕಿಟಕಿಯ ಪಟ್ಟಿಯಲ್ಲಿ ನೆಟ್‌ಬ್ಯೂಯಿಯ ಹೆಸರಿದೆಯೇ ನೋಡಿ.

ಇನ್ನು 0.0.0.0 ಎಂಬ ಅಂಕಿಗೆ ಬರೋಣ. ಅದನ್ನು ನಾನು ಸದ್ಯಕ್ಕೆ ನಂಬುವುದಿಲ್ಲ. ವಿನ್‌ಐಪಿಸಿಎಫ್‌ಜಿ ಕಿಟಕಿಯ ಮೇಲ್ಭಾಗದಲ್ಲಿ, ಬಲಕ್ಕೆ ಸಣ್ಣ ಬಾಣದ ಗುರುತಿರುವ ಒಂದು ಪಟ್ಟಿ ಇದೆ. ಕಿಟಕಿ ತೆರೆದಾಗ ಅಲ್ಲಿ ಸಾಮಾನ್ಯವಾಗಿ ಪಿಪಿಪಿ ಅಡಾಪ್ಟರ್ ಎಂದಿರುತ್ತದೆ. ಅದು ಮೋಡೆಮ್‌ಗೆ ಸಂಬಂಧಿಸಿದ್ದು. ಮಹಡಿಯ ಕಂಪ್ಯೂಟರು ಡಯಲ್ ಮಾಡುವುದೇ ಇಲ್ಲವಾದ್ದರಿಂದ ಅಲ್ಲಿ ಸೊನ್ನೆಗಳು ಕಾಣುವುದು ಸಹಜವೇ. ಬಾಣವನ್ನು ಒತ್ತಿ ನಿಮ್ಮ ನೆಟ್‌ವರ್ಕ್ ಕಾರ್ಡಿನ ಹೆಸರನ್ನು ಆರಿಸಿಕೊಂಡು ಮತ್ತೆ ನೋಡಿ. 192.168.0 ಎಂದು ಆರಂಭವಾಗುವ ವಿಳಾಸ ಬಂದರೆ ಕೆಳಗಿನ ಕಂಪ್ಯೂಟರು ತನ್ನ ಕೆಲಸ ಮಾಡಿದೆ. 169.254 ಎಂದು ಆರಂಭವಾದರೆ ವಿಳಾಸ ಕೊಡುವವರು ಯಾರೂ ಸಿಗದೆ ಮಹಡಿಯ ವಿಂಡೋಸ್ ತನಗೆ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ. ಇವೆರಡೂ ಅಲ್ಲದ ಅಂಕಿ ಕಂಡರೆ, ಹಿಂದೆಂದೋ ಯಾರೋ ಕೈಯಾರೆ ಬರೆದಿಟ್ಟ ವಿಳಾಸ ಹಾಗೆಯೇ ಉಳಿದಿದೆ.

ಕೈಯಾರೆ ಬರೆದದ್ದನ್ನು ತೆಗೆಯುವುದು ಸುಲಭ, ಆದರೆ ಎಡವುವುದೂ ಅಲ್ಲಿಯೇ. ನೆಟ್‌ವರ್ಕ್ ಪಟ್ಟಿಯಲ್ಲಿ ಟಿಸಿಪಿ/ಐಪಿ ಎರಡು ಸಲ ಬಂದಿರುತ್ತದೆ. ಒಂದರ ಮುಂದೆ ಡಯಲ್-ಅಪ್ ಅಡಾಪ್ಟರ್ ಎಂದೂ ಇನ್ನೊಂದರ ಮುಂದೆ ನಿಮ್ಮ ಕಾರ್ಡಿನ ಹೆಸರೂ ಇರುತ್ತದೆ. ಕಾರ್ಡಿನ ಹೆಸರಿರುವುದನ್ನೇ ತೆರೆದು, ವಿಳಾಸವನ್ನು ತಾನಾಗಿಯೇ ಪಡೆಯುವ ಆಯ್ಕೆಯನ್ನು ಗುರುತು ಮಾಡಿ, ಗೇಟ್‌ವೇ (ಹೊರಗಿನ ಜಾಲಕ್ಕೆ ದಾರಿ) ಮತ್ತು ಡಿಎನ್‌ಎಸ್ (ತಾಣದ ಹೆಸರನ್ನು ಅಂಕಿಯಾಗಿಸುವ ವ್ಯವಸ್ಥೆ) ಪುಟಗಳಲ್ಲಿ ಹಳೆಯ ಅಂಕಿಗಳಿದ್ದರೆ ಅಳಿಸಿ, ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ. ಕೆಳಗಿನದು ಪೂರ್ತಿ ಚಾಲೂ ಆದ ಮೇಲೆಯೇ ಮಹಡಿಯದನ್ನು ಚಾಲೂ ಮಾಡುವುದು ಒಳ್ಳೆಯದು, ಏಕೆಂದರೆ ವಿಳಾಸ ಹಂಚುವುದು ಅದೇ.

169.254 ಕಂಡಿದ್ದರೆ ದೋಷವನ್ನು ಕೆಳಗೆ ಹುಡುಕಬೇಕು. ಕೆಳಗಿನ ಕಂಪ್ಯೂಟರಿನ ಇಂಟರ್ನೆಟ್ ಆಪ್ಷನ್ಸ್‌ನಲ್ಲಿ ಕನೆಕ್ಷನ್ಸ್ ಪುಟಕ್ಕೆ ಹೋಗಿ ಶೇರಿಂಗ್ ಗುಂಡಿಯನ್ನು ಒತ್ತಿ. ಅಂತರಜಾಲಕ್ಕೆ ಯಾವ ಅಡಾಪ್ಟರ್, ಮನೆಯ ಜಾಲಕ್ಕೆ ಯಾವುದು ಎಂಬ ಎರಡು ಪ್ರಶ್ನೆಗಳು ಅಲ್ಲಿವೆ. ಮೊದಲನೆಯದಕ್ಕೆ ಡಯಲ್-ಅಪ್ ಅಡಾಪ್ಟರ್, ಎರಡನೆಯದಕ್ಕೆ ನೆಟ್‌ವರ್ಕ್ ಕಾರ್ಡ್ ಉತ್ತರವಾಗಿರಬೇಕು. ಇವು ಅದಲುಬದಲಾಗಿದ್ದರೆ ಹಂಚಿಕೆ ಹಾಕಿದ್ದರೂ ಮಹಡಿಗೆ ಏನೂ ತಲುಪುವುದಿಲ್ಲ. ಸರಿಯಾಗಿದ್ದರೆ ಕೆಳಗಿನ ನೆಟ್‌ವರ್ಕ್ ಕಾರ್ಡಿನ ವಿಳಾಸ 192.168.0.1, ಯಾವ ವಿಳಾಸಗಳು ಇದೇ ಜಾಲದವು ಎಂದು ತಿಳಿಸುವ ಸಬ್‌ನೆಟ್ ಮಾಸ್ಕ್ 255.255.255.0 ಎಂದು ಇರುತ್ತದೆ. ಅಲ್ಲಿ ಫೈರ್‌ವಾಲ್ ತಂತ್ರಾಂಶವೇನಾದರೂ ಇದೆಯೇ ಎಂಬುದನ್ನೂ ನೋಡಿ. ಮನೆಯ ಜಾಲವನ್ನು ನಂಬತಕ್ಕದ್ದೆಂದು ಅದಕ್ಕೆ ತಿಳಿಸದಿದ್ದರೆ, ವಿಳಾಸ ಕೇಳಿಕೊಂಡು ಬಂದ ಮಹಡಿಯ ಕಂಪ್ಯೂಟರನ್ನು ಅದು ಬಾಗಿಲಲ್ಲೇ ತಡೆದುಬಿಡುತ್ತದೆ. ಇನ್ನೊಂದು ಮಾತು: ಎರಡೂ ಕಂಪ್ಯೂಟರುಗಳಲ್ಲಿ ಹಂಚಿಕೆಯನ್ನು ಹಾಕಿರುವವರೂ ಇದ್ದಾರೆ. ಆಗ ಎರಡೂ 192.168.0.1 ತನ್ನದೇ ಎನ್ನುತ್ತವೆ, ವಿಳಾಸ ಘರ್ಷಣೆಯ ಸೂಚನೆ ತೆರೆಯ ಮೇಲೆ ಬರುತ್ತದೆ. ಹಂಚಿಕೆ ಮೋಡೆಮ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಇರಬೇಕು.

ವಿಳಾಸ ಸರಿಯಾದ ಮೇಲೂ ಪುಟ ತೆರೆಯದಿದ್ದರೆ ಒಂದು ವಿಳಾಸ ಉತ್ತರಿಸುತ್ತದೆಯೇ ಎಂದು ನೋಡುವ ಪಿಂಗ್ ಆಜ್ಞೆಯನ್ನು ಹತ್ತಿರದಿಂದ ದೂರಕ್ಕೆ ಪ್ರಯೋಗಿಸಿ. ಮಹಡಿಯಲ್ಲಿ ಕುಳಿತು ಮೊದಲು 192.168.0.1ಕ್ಕೆ ಪಿಂಗ್ ಮಾಡಿ. ಅದು ಉತ್ತರಿಸಿದರೆ, ಕೆಳಗೆ ಮೋಡೆಮ್ ಸಂಪರ್ಕದಲ್ಲಿರುವಾಗ, ನಿಮಗೆ ಅಂತರಜಾಲ ಒದಗಿಸುವ ಸಂಸ್ಥೆಯ ಡಿಎನ್‌ಎಸ್ ಸರ್ವರಿನ ಅಂಕಿಗೆ ಪಿಂಗ್ ಮಾಡಿ. ಆ ಅಂಕಿ ಕೆಳಗಿನ ಕಂಪ್ಯೂಟರಿನ ವಿನ್‌ಐಪಿಸಿಎಫ್‌ಜಿಯ ವಿವರಗಳಲ್ಲಿ ಸಿಗುತ್ತದೆ. ಕೆಲವು ಸರ್ವರುಗಳು ಪಿಂಗ್‌ಗೆ ಉತ್ತರವನ್ನೇ ಕೊಡುವುದಿಲ್ಲವಾದ್ದರಿಂದ, ಅದು ಕೆಳಗಿನಿಂದ ಉತ್ತರಿಸುತ್ತದೆಯೇ ಎಂದು ಮೊದಲು ಪರೀಕ್ಷಿಸಿಕೊಂಡೇ ಮೇಲಕ್ಕೆ ಹೋಗಿ. ಕೊನೆಗೆ ಯಾವುದಾದರೂ ತಾಣದ ಹೆಸರಿಗೆ ಪಿಂಗ್ ಮಾಡಿ. ಅಂಕಿಗೆ ಉತ್ತರ ಬಂದು, ಹೆಸರು ಗೊತ್ತಿಲ್ಲವೆಂಬ ಸೂಚನೆ ಬಂದರೆ, ಸಂಪರ್ಕ ಸರಿಯಿದೆ, ಹೆಸರನ್ನು ಅಂಕಿಯಾಗಿಸುವ ಡಿಎನ್‌ಎಸ್ ಮಾತ್ರ ಕೈಕೊಟ್ಟಿದೆ. ಆಗ ಮಹಡಿಯ ಕಾರ್ಡಿನ ಡಿಎನ್‌ಎಸ್ ಪುಟದಲ್ಲಿ 192.168.0.1 ಎಂದೋ, ಸಂಸ್ಥೆಯ ಸರ್ವರಿನ ಅಂಕಿಯನ್ನೋ ಬರೆಯಿರಿ.

ಮೂರೂ ಪಿಂಗ್‌ಗಳು ಫಲಿಸಿ ಬ್ರೌಸರ್ ಮಾತ್ರ ಹಟ ಹಿಡಿದರೆ, ಅಥವಾ ಮಹಡಿಯಲ್ಲಿ ಡಯಲ್ ಮಾಡಲೇ ಎಂಬ ಕಿಟಕಿ ಪದೇ ಪದೇ ಎದ್ದರೆ, ಬ್ರೌಸರಿಗೆ ಹಳೆಯ ಅಭ್ಯಾಸ ಬಿಟ್ಟಿಲ್ಲ. ಮಹಡಿಯ ಇಂಟರ್ನೆಟ್ ಆಪ್ಷನ್ಸ್‌ನಲ್ಲಿ ಎಂದಿಗೂ ಡಯಲ್ ಮಾಡಬೇಡ ಎಂಬ ಆಯ್ಕೆಯನ್ನು ಗುರುತು ಮಾಡಿ, ಪ್ರಾಕ್ಸಿಯ (ನಡುವಣ ಸರ್ವರಿನ) ಗುರುತಿದ್ದರೆ ತೆಗೆದುಹಾಕಿ.

ಪ್ರಶ್ನೆ: ನಮ್ಮಲ್ಲಿ ಹಂಚಿಕೆ ಚೆನ್ನಾಗಿಯೇ ನಡೆಯುತ್ತಿದೆ. ಆದರೆ ಯಾರೂ ಬಳಸದಿರುವಾಗಲೂ ಮೋಡೆಮ್ ತಾನಾಗಿ ಡಯಲ್ ಮಾಡುತ್ತದೆ. ನಡುರಾತ್ರಿ ಅದರ ಕೀರಲು ಸದ್ದಿಗೆ ಎಚ್ಚರವಾಗುತ್ತದೆ. 20 ನಿಮಿಷ ಸುಮ್ಮನಿದ್ದರೆ ಸಂಪರ್ಕ ಕಡಿಯಬೇಕೆಂದು ಹೇಳಿದ್ದರೂ ಅದು ಕಡಿಯುವುದಿಲ್ಲ. ಇದು ವೈರಸ್ಸೇ?

ಉತ್ತರ: ವೈರಸ್ಸೇ ಆಗಿರಬೇಕೆಂದಿಲ್ಲ. ಹಂಚಿಕೆಯಲ್ಲಿರುವ ಯಾವ ಕಂಪ್ಯೂಟರು ಹೊರಗಿನ ವಿಳಾಸವೊಂದನ್ನು ಕೇಳಿದರೂ ಡಯಲ್ ಮಾಡುವಂತೆ ನಿಮ್ಮ ವ್ಯವಸ್ಥೆ ಇದೆ. ಕೇಳಿದ್ದು ಮನುಷ್ಯನೋ ತಂತ್ರಾಂಶವೋ ಎಂಬುದು ಅದಕ್ಕೆ ತಿಳಿಯದು. ಪ್ರತಿ 10 ನಿಮಿಷಕ್ಕೊಮ್ಮೆ ಅಂಚೆ ನೋಡುವ ಮೇಲ್ ತಂತ್ರಾಂಶ, ವೈರಸ್‌ಗಳ ಹೊಸ ಪಟ್ಟಿ ತರಲು ಹೋಗುವ ಆಂಟಿವೈರಸ್, ಚಾಲೂ ಆದೊಡನೆ ಲಾಗಿನ್ ಆಗುವ ಮೆಸೆಂಜರ್, ತಾಣದ ಪುಟವೊಂದನ್ನು ತಾನಾಗಿ ತರಿಸಿಕೊಳ್ಳುವ ಡೆಸ್ಕ್‌ಟಾಪ್, ಇವುಗಳಲ್ಲಿ ಯಾವುದಾದರೂ ಒಂದು ಸಾಕು. 20 ನಿಮಿಷದ ಗಡುವು ಫಲಿಸದಿರುವುದಕ್ಕೂ ಇದೇ ಕಾರಣ. 10 ನಿಮಿಷಕ್ಕೊಮ್ಮೆ ಅಂಚೆ ನೋಡುತ್ತಿದ್ದರೆ ಸಂಪರ್ಕ 20 ನಿಮಿಷ ಸುಮ್ಮನಿರುವುದಾದರೂ ಯಾವಾಗ?

ಮಲಗುವ ಮುನ್ನ, ಮೋಡೆಮ್ ಇಲ್ಲದ ಕಂಪ್ಯೂಟರುಗಳಲ್ಲಿ ಒಂದು ರಾತ್ರಿ ಒಂದನ್ನು ಆಫ್ ಮಾಡಿಡಿ, ಮರುರಾತ್ರಿ ಇನ್ನೊಂದರ ಕೇಬಲನ್ನು ಹಬ್‌ನಿಂದ ಬಿಚ್ಚಿಡಿ. ಕೇಳುತ್ತಿರುವುದು ಯಾವುದೆಂದು ತಿಳಿಯುತ್ತದೆ. ಆ ಮೇಲೆ ಅದರಲ್ಲಿನ ತಂತ್ರಾಂಶಗಳನ್ನು ಒಂದೊಂದಾಗಿ ನೋಡಬಹುದು. ನನ್ನನ್ನು ಕೇಳಿದರೆ, ಬೇಕೆಂದಾಗ ತಾನಾಗಿ ಡಯಲ್ ಮಾಡುವ ಸೌಲಭ್ಯವನ್ನೇ ನಿಲ್ಲಿಸಿ, ಮೋಡೆಮ್ ಇರುವಲ್ಲಿಗೆ ಹೋಗಿ ಕೈಯಾರೆ ಸಂಪರ್ಕ ಮಾಡುವುದೇ ಮೇಲು. ಮೆಟ್ಟಿಲು ಇಳಿಯುವ ಶ್ರಮ ದೂರವಾಣಿ ಬಿಲ್ಲಿಗಿಂತ ಹಗುರ.

ಇದರ ಜೊತೆಗೆ ಇಂದೇ ಮಾಡಬೇಕಾದ ಕೆಲಸವೊಂದಿದೆ. ಡಯಲ್-ಅಪ್ ನೆಟ್‌ವರ್ಕಿಂಗ್ ಫೋಲ್ಡರನ್ನು ತೆರೆದು, ಅಲ್ಲಿರುವ ಪ್ರತಿಯೊಂದು ಸಂಪರ್ಕದ ದೂರವಾಣಿ ಸಂಖ್ಯೆಯನ್ನೂ ಓದಿ. ನೀವು ಹಾಕದ ಸಂಪರ್ಕವೋ, ಬದಲಾದ ಸಂಖ್ಯೆಯೋ ಕಂಡರೆ ಅದು ದುಬಾರಿ ಸಂಖ್ಯೆಗಳಿಗೆ ಕದ್ದು ಕರೆ ಮಾಡುವ ಡಯಲರ್ ತಂತ್ರಾಂಶದ ಕೆಲಸವಿರಬಹುದು. ಹಾಗಿದ್ದರೆ ಮೊದಲು ಮೋಡೆಮ್‌ನಿಂದ ದೂರವಾಣಿ ತಂತಿಯನ್ನು ಕಿತ್ತು, ಆನಂತರ ಕಂಪ್ಯೂಟರನ್ನು ಸ್ವಚ್ಛಗೊಳಿಸಲು ಕೂಡಿ.

ಪ್ರಶ್ನೆ: ನಾನು ಪುಟ ಓದುತ್ತಿರುವಾಗ ನನ್ನ ತಮ್ಮ ಇನ್ನೊಂದು ಕಂಪ್ಯೂಟರಿನಿಂದ ಫೋಟೊಗಳನ್ನು ಮೇಲ್ ಮಾಡಿದರೆ ನನ್ನದು ನಿಂತೇಹೋಗುತ್ತದೆ. ಅವನು ಕಳಿಸುತ್ತಿದ್ದಾನೆ, ನಾನು ತರಿಸಿಕೊಳ್ಳುತ್ತಿದ್ದೇನೆ, ಹೀಗಿರುವಾಗ ಅಡ್ಡಿ ಏಕೆ? ಪರದೆಯ ಮೇಲೆ ವೇಗ 1,15,200 ಎಂದು ತೋರಿಸುತ್ತದೆ.

ಉತ್ತರ: 1,15,200 ಎಂಬುದು ಕಂಪ್ಯೂಟರಿಗೂ ಮೋಡೆಮಿಗೂ ನಡುವಿನ ವೇಗ, ದೂರವಾಣಿ ತಂತಿಯದಲ್ಲ. ಆ ಮೋಡೆಮಿಗೆ ತಕ್ಕ ಡ್ರೈವರ್ ಹಾಕದಿದ್ದಾಗ ವಿಂಡೋಸ್ ಈ ಅಂಕಿಯನ್ನು ತೋರಿಸುವುದುಂಟು. 1998ರ ವಿ.90 ಮಾನದಂಡದ ಮೋಡೆಮಿಗೆ ತರಿಸಿಕೊಳ್ಳುವ ಗರಿಷ್ಠ ವೇಗ ಸೆಕೆಂಡಿಗೆ 56,000 ಬಿಟ್, ಅದೂ ತಂತಿ ಒಳ್ಳೆಯದಿದ್ದರೆ. ಕಳಿಸುವ ಗರಿಷ್ಠ ವೇಗವಂತೂ 33,600 ಬಿಟ್ ಮಾತ್ರ. ಆ ವೇಗದಲ್ಲಿ 1 ಮೆಗಾಬೈಟಿನ ಫೋಟೊ ಹೋಗಲು ನಾಲ್ಕು ನಿಮಿಷವಾದರೂ ಬೇಕು.

ಇನ್ನು ಅಡ್ಡಿಯ ಮಾತು. ನೀವು ಪುಟ ತರಿಸಿಕೊಳ್ಳುವಾಗ ಬಂದ ಕಂತುಗಳಿಗೆ ನಿಮ್ಮ ಕಂಪ್ಯೂಟರು 'ಮುಟ್ಟಿತು' ಎಂಬ ರಸೀದಿಯನ್ನು ಹಿಂದಕ್ಕೆ ಕಳಿಸುತ್ತಿರಬೇಕು. ರಸೀದಿ ಬಾರದೆ ಎದುರಿನ ಸರ್ವರ್ ಮುಂದಿನ ಕಂತುಗಳನ್ನು ಕಳಿಸುತ್ತಾ ಹೋಗುವುದಿಲ್ಲ. ಈ ರಸೀದಿಗಳು ತಮ್ಮನ ಫೋಟೊಗಳ ಹಿಂದೆ, ಅದೇ ಇಕ್ಕಟ್ಟಿನ ದಾರಿಯಲ್ಲಿ ಸಾಲುಗಟ್ಟಿ ನಿಲ್ಲಬೇಕಾಗುತ್ತದೆ. ಅವನು ಫೋಟೊಗಳ ಗಾತ್ರವನ್ನು ಕುಗ್ಗಿಸಿ ಕಳಿಸಲಿ, ಇಲ್ಲವೇ ನೀವು ಓದಿ ಮುಗಿಸಿದ ಮೇಲೆ ಕಳಿಸಲಿ. ಯಾವ ಸೆಟ್ಟಿಂಗ್ ಬದಲಿಸಿದರೂ ದಾರಿ ಅಗಲವಾಗದು. ಅದರ ನಂತರದ ಮಾನದಂಡವಾದ ವಿ.92ರ ಮೋಡೆಮ್ ಕೊಂಡರೆ ಕಳಿಸುವ ವೇಗ 48,000ದವರೆಗೆ ಏರಬಹುದು, ಆದರೆ ಸಂಪರ್ಕ ಒದಗಿಸುವ ಸಂಸ್ಥೆಯ ಕಡೆಯ ಮೋಡೆಮುಗಳೂ ವಿ.92 ಆಗಿದ್ದರೆ ಮಾತ್ರ. ಕೊಳ್ಳುವ ಮೊದಲು ಅವರನ್ನು ವಿಚಾರಿಸಿ.

ಪ್ರಶ್ನೆ: ಯಾರಾದರೂ ನಮಗೆ ಫೋನ್ ಮಾಡಿದರೆ ಎರಡೂ ಕಂಪ್ಯೂಟರುಗಳ ಸಂಪರ್ಕ ಕಡಿದುಹೋಗುತ್ತದೆ. ಇದಕ್ಕೆ ಪರಿಹಾರವಿದೆಯೇ?

ಉತ್ತರ: ನಿಮ್ಮ ದೂರವಾಣಿಗೆ ಕಾಲ್ ವೇಟಿಂಗ್ ಸೌಲಭ್ಯವಿದೆ. ಇನ್ನೊಂದು ಕರೆ ಕಾದಿದೆ ಎಂದು ತಿಳಿಸುವ ಸದ್ದು ಮೋಡೆಮುಗಳ ಮಾತುಕತೆಯ ನಡುವೆ ನುಗ್ಗಿದಾಗ ಸಂಪರ್ಕ ಕಡಿಯುತ್ತದೆ. ಕಾಲ್ ವೇಟಿಂಗನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಸಂಕೇತ ಯಾವುದೆಂದು ದೂರವಾಣಿ ಕಚೇರಿಯಲ್ಲಿ ಕೇಳಿ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೋಡೆಮ್‌ನ ಡಯಲಿಂಗ್ ಪುಟದಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ ಬರೆಯಿರಿ. ಮೋಡೆಮ್ ಇರುವ ಕಂಪ್ಯೂಟರಿನಲ್ಲಿ ಬರೆದರೆ ಸಾಕು. ಅಂತರಜಾಲದಲ್ಲಿರುವಷ್ಟು ಹೊತ್ತು ನಿಮಗೆ ಕರೆ ಮಾಡಿದವರಿಗೆ ಲೈನ್ ಬಿಡುವಿಲ್ಲವೆಂಬ ಸದ್ದು ಕೇಳಿಸುತ್ತದೆ ಎಂಬುದನ್ನು ಮನೆಯವರಿಗೆ ಮೊದಲೇ ಹೇಳಿಡಿ.