ಎಚ್ಚರಿಕೆ ಮಟ್ಟ 3 ಅಂದ್ರೆ ಪರವಾಗಿಲ್ಲ ಅಂತಲ್ಲ

ಮೂರು ದಿನ ಜೋರಾಗಿ ಹಿಮ ಸುರಿದಿದೆ, ನಿನ್ನೆಯಿಂದ ಬಿಸಿಲಿದೆ, ಹಿಮಕುಸಿತದ ಎಚ್ಚರಿಕೆ 5ರಲ್ಲಿ 3, ಮೂವರ ಹತ್ತಿರವೂ ಬೀಕನ್ (ಹಿಮದಡಿ ಹೂತವರನ್ನು ಹುಡುಕಲು ಸಂಕೇತ ಕಳಿಸುವ, ಹಿಡಿಯುವ ಸಾಧನ) ಇದೆ, ನಾಳೆ ಸ್ಕೀ ಹಾಕಿಕೊಂಡು ಹೊರಡಬಹುದಾ ಎಂದು ಕೇಳಿದ್ದೀರಿ. ಹೊರಡಿ. ಆದರೆ ಫೋಟೋದಲ್ಲಿ ಗೆರೆ ಎಳೆದು ತೋರಿಸಿದ್ದೀರಲ್ಲ, ಆ ಇಳಿಜಾರಿಗೆ ಮಾತ್ರ ಬೇಡ.

3 ಎಂದರೆ 'ಮಧ್ಯದಲ್ಲಿದೆ, ನಡೆಯುತ್ತೆ' ಅನ್ನಿಸುವುದು ಸಹಜ. ಆದರೆ ಇದು ಪರೀಕ್ಷೆಯ ಅಂಕ ಅಲ್ಲ. ಒಂದು ಮಟ್ಟ ಮೇಲೆ ಹೋದರೆ ಅಪಾಯ ಎಷ್ಟೋ ಪಟ್ಟು ಜಾಸ್ತಿಯಾಗುತ್ತದೆ. ಕಡಿದಾದ ಜಾಗದಲ್ಲಿ 3ಕ್ಕೆ ಒಬ್ಬರ ಭಾರವೇ ಸಾಕು, ಹಿಮ ಕಳಚಬಹುದು. 4, 5 ಇದ್ದ ದಿನ ಜನ ಹೆದರಿ ಹೋಗುವುದೇ ಕಡಿಮೆ. ಸಾವುಗಳು ಜಾಸ್ತಿ ಆಗುವುದು 3ರ ದಿನಗಳಲ್ಲೇ. ಸತ್ತವರಲ್ಲಿ ಹೆಚ್ಚಿನವರ ಮೇಲೆ ಹಿಮ ತಾನಾಗಿ ಬಿದ್ದದ್ದೂ ಅಲ್ಲ, ಅವರೋ ಜೊತೆಯವರೋ ಕಾಲಿಟ್ಟಾಗ ಕಳಚಿದ್ದು.

ಇನ್ನು ಬಿಸಿಲು. ಆಕಾಶ ತಿಳಿಯಾಯಿತು ಎಂದ ಮಾತ್ರಕ್ಕೆ ಹಿಮ ಕೂತಿದೆ ಎಂದಲ್ಲ. ಚಳಿಗಾಲದ ಶುರುವಿನಲ್ಲಿ ಹಿಮ ತೆಳ್ಳಗಿದ್ದು ರಾತ್ರಿಗಳು ತುಂಬಾ ತಣ್ಣಗಿದ್ದರೆ, ಅಡಿಯ ಹಿಮ ಸಕ್ಕರೆ ಹರಳಿನ ಹಾಗೆ ಉದುರುದುರಾಗುತ್ತದೆ. ಮುಷ್ಟಿಯಲ್ಲಿ ಹಿಂಡಿದರೂ ಉಂಡೆ ಕಟ್ಟುವುದಿಲ್ಲ. ಅದರ ಮೇಲೆ ಹೊಸ ಹಿಮ ಚಪ್ಪಡಿಯಂತೆ ಕೂತಿರುತ್ತದೆ. ಈ ಪದರ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಾಗೇ ಇರಬಹುದು. ಮೇಲಿನಿಂದ ಏನೂ ಕಾಣುವುದಿಲ್ಲ. ಗಾಳಿ ಬೇರೆ, ದಿಣ್ಣೆಯ ಒಂದು ಮಗ್ಗುಲಿನ ಹಿಮವನ್ನು ಎತ್ತಿ ಇನ್ನೊಂದು ಮಗ್ಗುಲಿಗೆ ಪೇರಿಸುತ್ತದೆ. ನಿಮ್ಮ ಫೋಟೋದಲ್ಲಿ ನೆತ್ತಿಯಿಂದ ಹಿಮ ಚಜ್ಜದ ಹಾಗೆ ಹೊರಗೆ ಚಾಚಿದೆ ನೋಡಿ. ಅದರ ಕೆಳಗೇ ನೀವು ಗೆರೆ ಎಳೆದಿದ್ದೀರಿ!

ಹಿಮದ ಒಳಗೇನಿದೆ ಎಂದು ನಾನು ಖಚಿತವಾಗಿ ಹೇಳಲಾರೆ, ನೀವೂ ಹೇಳಲಾರಿರಿ. ಇಳಿಜಾರಿನ ಕೋನವನ್ನಾದರೆ ಅಳೆಯಬಹುದು. ಚಪ್ಪಡಿ ಕಳಚುವುದು ಹೆಚ್ಚಾಗಿ 30ರಿಂದ 45 ಡಿಗ್ರಿಯೊಳಗೆ. ಹಾಗಾಗಿ ನಾಳೆ ಪೂರ್ತಿ 30ಕ್ಕಿಂತ ಕಡಿಮೆ ಇರುವ ಜಾಗದಲ್ಲೇ ಓಡಾಡಿ. ಸ್ಕೀ ಕೋಲನ್ನು ಹಿಮದ ಮೇಲೆ ಮಲಗಿಸಿ, ಅದರ ಮೇಲೆ ಫೋನಿಟ್ಟರೆ ಕೋನ ಗೊತ್ತಾಗುತ್ತದೆ. ಕಣ್ಣಂದಾಜು ನಂಬಬೇಡಿ, ನಾನೇ ಎಷ್ಟೋ ಸಲ 5 ಡಿಗ್ರಿ ತಪ್ಪಿದ್ದೇನೆ. ನೀವು ನಿಂತ ಜಾಗ ಸಪಾಟಾಗಿದ್ದರಷ್ಟೇ ಸಾಲದು, ತಲೆಯ ಮೇಲೆ ಏನಿದೆ ಅನ್ನುವುದನ್ನೂ ನೋಡಬೇಕು.

ಒಮ್ಮೆ ಹೆಚ್ಚುಕಡಿಮೆ ಸಮತಟ್ಟಾದ ಬಯಲಿನಲ್ಲಿ ನಡೆಯುತ್ತಿದ್ದೆ. ಕಾಲಡಿ 'ಧುಂ' ಎಂದು ಸದ್ದಾಯಿತು, ಇಡೀ ನೆಲ ಒಂದು ಬೆರಳಿನಷ್ಟು ಕುಸಿದ ಹಾಗಾಯಿತು. ಸ್ಕೀ ತುದಿಯಿಂದ ಒಂದು ಬಿರುಕು ಸರ್ರನೆ ಓಡಿ ಎದುರಿನ ದಿಬ್ಬದ ಬುಡ ಮುಟ್ಟಿತು. ದಿಬ್ಬ ಕಳಚಲಿಲ್ಲ, ಬರೀ ಅದೃಷ್ಟ. ಕೆಳಗೆ ನಿಂತೇ ಮೇಲಿನ ಹಿಮವನ್ನು ಕಳಚಬಹುದು ಎನ್ನುವುದು ಅವತ್ತು ಅರ್ಥವಾಯಿತು. ಆ ಸದ್ದು ಕೇಳಿದರೆ, ಬಿರುಕು ಕಂಡರೆ, ಅಕ್ಕಪಕ್ಕ ಹೊಸದಾಗಿ ಕುಸಿದ ಗುರುತಿದ್ದರೆ ಚರ್ಚೆ ಬೇಡ, ಬಂದ ದಾರಿಯಲ್ಲೇ ವಾಪಸ್ ಬನ್ನಿ. 'ಬೇರೆಯವರ ಜಾಡು ಇದೆಯಲ್ಲ' ಎಂದು ಹೋಗಬೇಡಿ. ಮೊದಲ ಐದು ಜನ ದಾಟಿದ ಮೇಲೆ ಆರನೆಯವರಿಗೆ ಕಳಚಿದ್ದೂ ಇದೆ.

ಬೀಕನ್ ಹುಡುಕಿಕೊಡುತ್ತದೆ, ಅಗೆಯುವುದಿಲ್ಲ. ಪ್ರೋಬ್ (ಹೂತವರು ಎಲ್ಲಿದ್ದಾರೆಂದು ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಬಗ್ಗೆ ನೀವು ಬರೆದೇ ಇಲ್ಲ. ಮೂವರ ಬ್ಯಾಗಿನಲ್ಲೂ ಎರಡೂ ಇರಬೇಕು, ಸಲಿಕೆ ಲೋಹದ್ದೇ ಆಗಿರಬೇಕು. ಕುಸಿದು ಬಂದು ನಿಂತ ಹಿಮ ಗಾರೆ ಹಾಕಿದಷ್ಟು ಗಟ್ಟಿ, ಪ್ಲಾಸ್ಟಿಕ್ ಮುರಿಯುತ್ತದೆ. ಮೊದಲ 10 ನಿಮಿಷದಲ್ಲಿ ಹೊರಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ, ಅರ್ಧ ಗಂಟೆ ದಾಟಿದರೆ ಹೆಚ್ಚಿನವರು ಇಲ್ಲ. ಅಂದರೆ ಹೊರಗಿನ ಸಹಾಯ ಬರುವ ಹೊತ್ತಿಗೆ ಸಮಯ ಮುಗಿದಿರುತ್ತದೆ, ಅಗೆಯಬೇಕಾದವರು ಉಳಿದಿಬ್ಬರೇ. ಅದಕ್ಕೇ ಅನುಮಾನದ ಜಾಗ ದಾಟುವಾಗ ಒಬ್ಬೊಬ್ಬರಾಗಿ ಹೋಗಿ, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಕಣ್ಣಿಟ್ಟಿರಿ.

ಇವತ್ತು ಸಂಜೆಯೇ ಒಂದು ಬೀಕನ್ ಹೂತಿಟ್ಟು ಮೂವರೂ ಸರದಿಯಲ್ಲಿ ಹುಡುಕಿ, ಗಡಿಯಾರ ನೋಡಿ. ಹುಡುಕುವಾಗ ಫೋನ್ ಆಫ್ ಇರಲಿ, ಹತ್ತಿರವಿದ್ದರೆ ಬೀಕನ್ ಸುಮ್ನೆ ದಾರಿ ತಪ್ಪುತ್ತದೆ.