ಕೋಂಟೆ ತಂದ ಮೂವರ ರಕ್ಷಣೆ ಚೆಲ್ಸಿಗೆ ಒಗ್ಗಿದ್ದು ಹೇಗೆ

ನಾಲ್ವರು ಡಿಫೆಂಡರ್‌ಗಳ (ರಕ್ಷಣಾ ಆಟಗಾರರ) ಆಟಕ್ಕೆ ಪಳಗಿದ್ದ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಚೆಲ್ಸಿ, 2016ರಲ್ಲಿ ಹೊಸ ಕೋಚ್ ಆಂಟೋನಿಯೊ ಕೋಂಟೆ ತಂದ ಮೂವರ ಪದ್ಧತಿಗೆ ಅಷ್ಟು ಬೇಗ ಒಗ್ಗಿಕೊಂಡದ್ದು ಹೇಗೆ ಎಂದು ನೀವು ಕೇಳಿದ್ದೀರಿ. ನನ್ನ ದೃಷ್ಟಿಯಲ್ಲಿ ಉತ್ತರದ ಬಹುಪಾಲು ಡಿಫೆಂಡರ್ ಆಜ್‌ಪಿಲಿಕ್ವೆಟಾ ಅವರಲ್ಲಿದೆ. ಫುಲ್‌ಬ್ಯಾಕ್ (ಅಂಚಿನ ಡಿಫೆಂಡರ್) ಆಗಿದ್ದ ಅವರನ್ನು ಮೂವರಲ್ಲಿ ಬಲಬದಿಯ ಸೆಂಟರ್‌ಬ್ಯಾಕ್ (ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್) ಮಾಡಿದಾಗ ಎತ್ತರ ಸಾಲದೆಂಬ ಅನುಮಾನ ಸಹಜವೇ ಆಗಿತ್ತು. ಆದರೆ ಅಂಚಿಗೆ ಓಡಿ ಎದುರಾಳಿಯ ವಿಂಗರ್‌ನನ್ನು (ಅಂಚಿನಿಂದ ದಾಳಿ ಮಾಡುವ ಆಟಗಾರನನ್ನು) ಒಬ್ಬರೇ ಎದುರಿಸುವ ಅಭ್ಯಾಸ ಅವರಿಗೆ ಮೊದಲೇ ಇದ್ದುದರಿಂದ, ಬಲ ಅಂಚಿನಲ್ಲಿ ಆಡುತ್ತಿದ್ದ ವಿಕ್ಟರ್ ಮೋಸೆಸ್ ದಾಳಿಗೆ ಹೋದಾಗ ಮೋಸೆಸ್‌ರ ಬೆನ್ನ ಹಿಂದೆ ತೆರವಾಗುತ್ತಿದ್ದ ಜಾಗವನ್ನು ಮುಚ್ಚಿಬಿಡುತ್ತಿದ್ದರು. ಆ ಲೀಗ್ ಋತುವಿನಲ್ಲಿ ಒಂದು ನಿಮಿಷವೂ ಆಜ್‌ಪಿಲಿಕ್ವೆಟಾ ಮೈದಾನದಿಂದ ಹೊರಗಿರಲಿಲ್ಲ.

ಮೋಸೆಸ್ ಮೂಲತಃ ವಿಂಗರ್, ಹಿಂದಿನ ಮೂರು ಋತುಗಳನ್ನು ಎರವಲಿನ ಮೇಲೆ ಬೇರೆ ಕ್ಲಬ್‌ಗಳಲ್ಲಿ ಕಳೆದವರು. ಚೆಂಡು ಎದುರಾಳಿಯ ಪಾಲಾದೊಡನೆ ಅವರೂ ಎಡದಲ್ಲಿ ಅಲೊನ್ಸೊ ಅವರೂ ಹಿಂದೆ ಸರಿದು ಐವರ ಸಾಲು ಕಟ್ಟುತ್ತಿದ್ದರು. ಮೂವರ ನಡುವೆ ನಿಂತು ದುಡುಕಿ ಮುನ್ನುಗ್ಗುವ ಡೇವಿಡ್ ಲೂಯಿಜ್ ಅವರಿಗೆ ಇಬ್ಬದಿಯ ಜೊತೆಗಾರರೇ ಕಾವಲಾದರು. ಅಲೊನ್ಸೊ ಮತ್ತು ಮಿಡ್‌ಫೀಲ್ಡರ್ (ನಡುಮೈದಾನದ ಆಟಗಾರ) ಎನ್‌ಗೊಲೊ ಕಾಂಟೆ ಆ ಬೇಸಿಗೆಯಲ್ಲಷ್ಟೇ ಬಂದವರು, ಲೂಯಿಜ್ ಆಗಷ್ಟೇ ಕ್ಲಬ್‌ಗೆ ಮರಳಿದವರು ಎಂಬುದನ್ನು ಮರೆಯುವಂತಿಲ್ಲ. ಆದರೂ ಆರ್ಸೆನಲ್ ಎದುರು 3–0ರಿಂದ ಸೋತ ಪಂದ್ಯದ ಬೆನ್ನಲ್ಲೇ ಸತತ 13 ಲೀಗ್ ಗೆಲುವುಗಳು ಬಂದದ್ದು, ಆಟಗಾರರನ್ನು ಬದಲಿಸಿದ್ದಕ್ಕಿಂತ ಅವರು ನಿಲ್ಲುವ ಜಾಗವನ್ನು ಬದಲಿಸಿದ್ದರಿಂದಲೇ.