ಹತ್ತನೇ ಕ್ಲಾಸಿನ ಮಗನ ಇಂಟರ್ನೆಟ್‌ಗೆ ಮನೆಯಲ್ಲಿ ಮಿತಿ ಹಾಕುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಮಗ ಹತ್ತನೇ ಕ್ಲಾಸು, ರಾತ್ರಿ ಎರಡರವರೆಗೆ ಹೊದಿಕೆಯೊಳಗೆ ಫೋನ್ ನೋಡುತ್ತಾನೆ. ವೈಫೈ ಆಫ್ ಮಾಡಿದರೆ ಸಿಮ್ ಡೇಟಾ ಹಾಕಿಕೊಳ್ಳುತ್ತಾನೆ. ಫೋನ್ ಕಿತ್ತುಕೊಂಡರೆ ಊಟ ಬಿಡುತ್ತಾನೆ. ನೀವಿಬ್ಬರೂ ಕೆಲಸಕ್ಕೆ ಹೋಗುವವರು. ಅವನಿಗೆ ಗೊತ್ತಾಗದ ಹಾಗೆ ರೌಟರ್‌ನಲ್ಲೇ ಏನಾದರೂ ಲಾಕ್ ಹಾಕಬಹುದಾ ಅಂತ ಕೇಳಿದ್ದೀರಿ.

ನಾನು ಬೆಂಗಳೂರಿನ ಹನುಮಂತನಗರದ ಕಡೆ ಮನೆಗಳಿಗೆ ಬ್ರಾಡ್‌ಬ್ಯಾಂಡ್ ಲೈನ್ ಎಳೆದು ರೌಟರ್ ಹಾಕಿಕೊಡುವ ಕೆಲಸ ಮಾಡುತ್ತೇನೆ. ಹದಿನಾಲ್ಕು ವರ್ಷವಾಯಿತು. "ಹತ್ತು ಗಂಟೆಗೆ ಮಕ್ಕಳ ಫೋನಿಗೆ ಮಾತ್ರ ನೆಟ್ ನಿಲ್ಲೋ ಹಾಗೆ ಮಾಡಿಕೊಡಿ" ಅಂತ ಕೇಳುವವರು ತುಂಬಾ ಜನ. ಮಾಡಿಕೊಡುತ್ತೇನೆ, ಹತ್ತು ನಿಮಿಷದ ಕೆಲಸ. ನೀವೂ ಮಾಡಿಕೊಳ್ಳಬಹುದು. ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಅಂತ ಹೊಡೆದರೆ ಸಾಮಾನ್ಯವಾಗಿ ರೌಟರ್‌ನ ಪುಟ ತೆರೆಯುತ್ತದೆ. ಅದರಲ್ಲಿ ಪೇರೆಂಟಲ್ ಕಂಟ್ರೋಲ್ ಅಂತಲೋ ಆಕ್ಸೆಸ್ ಕಂಟ್ರೋಲ್ ಅಂತಲೋ ಇರುತ್ತದೆ. ಮಗನ ಫೋನ್ ಆರಿಸಿ, ಸಮಯ ಹಾಕಿ, ಸೇವ್ ಮಾಡಿದರೆ ಆಯಿತು.

ಆದರೆ ಆ ಲಾಕ್ ಎಷ್ಟು ದಿನ ನಿಲ್ಲುತ್ತದೆ ಅನ್ನುವುದನ್ನೂ ಹೇಳಬೇಕು. ರೌಟರ್ ಒಂದು ಫೋನನ್ನು ಗುರುತಿಸುವುದು ಮ್ಯಾಕ್ ಅಡ್ರೆಸ್ ಅನ್ನುವ ನಂಬರಿನಿಂದ. 2019ರಲ್ಲಿ ಬಂದ ಆಂಡ್ರಾಯ್ಡ್ 10, 2020ರಲ್ಲಿ ಬಂದ ಐಒಎಸ್ 14, ಅಲ್ಲಿಂದೀಚೆಗೆ ಫೋನುಗಳು ತಮ್ಮ ನಿಜವಾದ ನಂಬರ್ ಮುಚ್ಚಿಟ್ಟು ಬೇರೆ ನಂಬರ್ ತೋರಿಸುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಒಂದು ಆಯ್ಕೆ ಬದಲಾಯಿಸಿದರೆ ಸಾಕು, ರೌಟರ್‌ಗೆ ಅದು ಯಾವುದೋ ಹೊಸ ಫೋನು. ನೀವು ಹಾಕಿದ ಲಾಕ್ ಹಳೆಯ ನಂಬರಿನ ಮೇಲೆ ಸುಮ್ನೆ ಕೂತಿರುತ್ತದೆ. ಇದನ್ನು ಕಲಿಯಲು ಹುಡುಗರಿಗೆ ಒಂದು ಸಂಜೆ ಸಾಕು. ಇನ್ನು ಸಿಮ್ ಡೇಟಾ. ಈಗಿನ ಸಾಮಾನ್ಯ ಪ್ಯಾಕ್‌ಗಳಲ್ಲಿ ದಿನಕ್ಕೆ ಒಂದೂವರೆ, ಎರಡು ಜಿಬಿ ಬರುತ್ತದೆ. ಒಂದು ದಿನದ್ದು ಮುಗಿದರೂ ರಾತ್ರಿ ಹನ್ನೆರಡಕ್ಕೆ ಮರುದಿನದ್ದು ಬಂದುಬಿಡುತ್ತದೆ. ನಿಮ್ಮ ಮಗ ಎಚ್ಚರವಾಗಿರುವುದು ಸರಿಯಾಗಿ ಆ ಹೊತ್ತಿನಲ್ಲೇ.

ಒಂದು ಮನೆಯ ವಿಷಯ ಹೇಳುತ್ತೇನೆ. ತಿಂಗಳಲ್ಲಿ ಮೂರು ಸಲ ಅವರ ಮನೆಯಿಂದ ನೆಟ್ ಹೋಗಿದೆ ಅಂತ ಫೋನ್ ಬಂತು. ಹೋಗಿ ನೋಡಿದರೆ ಹೊರಗಿನ ಲೈನ್ ಚೆನ್ನಾಗಿದೆ. ರೌಟರ್‌ನಲ್ಲಿ ನಾನು ಹಾಕಿದ್ದ ಲಾಗಿನ್ ಮಾತ್ರ ಪೂರ್ತಿ ಅಳಿಸಿಹೋಗಿದೆ. ರೌಟರ್ ತಿರುಗಿಸಿ ಹಿಂದೆ ನೋಡಿದೆ. ರೀಸೆಟ್ ತೂತಿನ ಸುತ್ತ ಸಣ್ಣ ಸಣ್ಣ ಗೀರುಗಳು. ಸೇಫ್ಟಿ ಪಿನ್ ಹಾಕಿ ಒತ್ತಿದ್ದು. ಪಕ್ಕದಲ್ಲೇ ನಿಂತಿದ್ದ ಹುಡುಗ ಮೆಲ್ಲಗೆ "ಅಂಕಲ್, ಅಮ್ಮಂಗೆ ಹೇಳ್ಬೇಡಿ" ಅಂದ. ಲಾಕ್ ಅಳಿಸಲು ರೀಸೆಟ್ ಮಾಡಿದ್ದಾನೆ, ಅದರ ಜೊತೆ ನೆಟ್‌ನ ಲಾಗಿನ್ನೂ ಅಳಿಸಿಹೋಗಿದೆ.

ಯಾಕೋ ಹೀಗೆ ಮಾಡ್ತೀಯ ಅಂತ ಕೇಳಿದೆ. ಅವನು ಹೇಳಿದ್ದು ಇಷ್ಟು. ಬೆಳಿಗ್ಗೆ ಏಳೂವರೆಗೆ ಸ್ಕೂಲ್ ವ್ಯಾನ್. ಸಂಜೆ ನಾಲ್ಕೂವರೆಗೆ ಮನೆ. ಐದೂವರೆಗೆ ಟ್ಯೂಷನ್‌ಗೆ ಹೊರಡಬೇಕು. ಅದು ಮುಗಿಯುವುದು ಎಂಟೂವರೆಗೆ, ಬಸ್ ಹಿಡಿದು ಟ್ರಾಫಿಕ್ಕಿನಲ್ಲಿ ಮನೆ ಸೇರುವಾಗ ಒಂಬತ್ತೂಕಾಲು. ಅವರಮ್ಮ ಲಾಕ್ ಹಾಕಿಸಿದ್ದು ಒಂಬತ್ತೂವರೆಗೆ. ಅವನು ಕೈಕಾಲು ತೊಳೆದು ಊಟಕ್ಕೆ ಕೂರುವಾಗ ನೆಟ್ ಇಲ್ಲ. ಆ ಸಮಯ ರೌಟರ್‌ಗೆ ಹಾಕಿಕೊಟ್ಟವನು ನಾನೇ. ಈ ಹುಡುಗನ ದಿನ ಹೇಗಿದೆ ಅಂತ ನಾನೂ ಕೇಳಿರಲಿಲ್ಲ, ಅವರಮ್ಮನೂ ಕೇಳಿರಲಿಲ್ಲ.

ಈ ಊರಿನ ಮಕ್ಕಳ ದಿನ ಹಾಗೇ ಆಗಿಬಿಟ್ಟಿದೆ. ಬೀದಿಯಲ್ಲಿ ಆಡೋಣ ಅಂದರೆ ಎರಡೂ ಕಡೆ ಕಾರು. ಗೆಳೆಯನ ಮನೆ ಅಂದರೆ ಎರಡು ಬಸ್ಸು. ಬೆಳಿಗ್ಗೆಯಿಂದ ಹೇಳಿದ್ದನ್ನೆಲ್ಲ ಮಾಡಿದ ಮೇಲೆ, ಯಾರೂ ಏನೂ ಹೇಳದ ಹೊತ್ತು ಸಿಗುವುದು ಮನೆಯವರೆಲ್ಲ ಮಲಗಿದ ಮೇಲೆ. ಆ ಹೊತ್ತನ್ನು ಅವರು ಬಿಟ್ಟುಕೊಡುವುದಿಲ್ಲ. ಹಾಗಂತ ನಿದ್ದೆಗೆಡಲಿ ಅಂತ ಹೇಳುತ್ತಿಲ್ಲ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೇ ಬೇಕು. ಎರಡಕ್ಕೆ ಮಲಗಿ ಆರೂವರೆಗೆ ಎದ್ದರೆ ಅದರ ಅರ್ಧ. ನಿಮ್ಮ ಆತಂಕ ಸರಿಯಾಗಿಯೇ ಇದೆ.

ಗೊತ್ತಾಗದ ಹಾಗೆ ಲಾಕ್ ಹಾಕುವ ವಿಷಯ ಮಾತ್ರ ಬೇಡ ಅಂತ ಕೈ ಮುಗಿದು ಕೇಳುತ್ತೇನೆ. ನಾನು ನನ್ನ ಮಗಳಿಗೆ ಹಾಗೆ ಮಾಡಿದ್ದೆ. ಅವಳು ಆಗ ಒಂಬತ್ತನೇ ಕ್ಲಾಸು. ಹೇಳಿದರೆ ಜಗಳ ಆಗುತ್ತದೆ ಅಂತ ಹೇಳದೆ ಹತ್ತು ಗಂಟೆಗೆ ಅವಳ ಫೋನಿಗೆ ನೆಟ್ ನಿಲ್ಲಿಸಿದೆ. ಮರುದಿನ ಬಂದು "ಅಪ್ಪ, ರಾತ್ರಿ ನಮ್ಮನೆ ಲೈನ್ ಹೋಗ್ತಿದೆ, ನೋಡಿ" ಅಂದಳು. ನಾನು ಸ್ಟೂಲ್ ಹಾಕಿಕೊಂಡು ಹತ್ತಿ, ಬಾಕ್ಸ್ ತೆರೆದು, ವೈರ್ ಮುಟ್ಟಿ ನೋಡಿದ ಹಾಗೆ ಮಾಡಿದೆ. ಅವಳು ಕೆಳಗೆ ನಿಂತು ಮೊಬೈಲ್ ಟಾರ್ಚ್ ಹಿಡಿದಿದ್ದಳು. ಮೂರನೇ ದಿನ ಅವಳಿಗೆ ಗೊತ್ತಾಯಿತು, ಅಮ್ಮನ ಫೋನಿನಲ್ಲಿ ನೆಟ್ ಬರುತ್ತಿದೆ, ತನ್ನದರಲ್ಲಿ ಮಾತ್ರ ಇಲ್ಲ ಅಂತ. ಕೂಗಾಡಲಿಲ್ಲ. "ನನ್ನ ಹತ್ರ ಹೇಳಬಹುದಿತ್ತಲ್ವಾ ಅಪ್ಪ, ನಾನು ಟಾರ್ಚ್ ಹಿಡ್ಕೊಂಡು ನಿಂತಿದ್ದೆ" ಅಂದಳು. ಅಷ್ಟೇ. ಆಮೇಲೆ ಸುಮಾರು ತಿಂಗಳು ಸ್ಕೂಲಿನ ಒಂದು ವಿಷಯವನ್ನೂ ನನಗೆ ಹೇಳಲಿಲ್ಲ. ಇವತ್ತಿಗೂ ಆ ಮಾತು ನೆನಪಾದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಕೊನೆಗೆ ಒಂದು ಭಾನುವಾರ ತಿಂಡಿ ಆದ ಮೇಲೆ ಮೂವರೂ ಕೂತೆವು. ನನ್ನದು ತಪ್ಪಾಯಿತು ಅಂತ ಮೊದಲು ಹೇಳಿದೆ. ರಾತ್ರಿ ಏನು ನೋಡುತ್ತೀಯ ಅಂತ ಕೇಳಿದೆ. ಅರ್ಧ ರೀಲ್ಸ್, ಅದನ್ನು ಅವಳೇ ಒಪ್ಪಿಕೊಂಡಳು. ಇನ್ನರ್ಧ ಒಬ್ಬ ಗೆಳತಿಯ ಜೊತೆ ಚಾಟ್. ಆ ಹುಡುಗಿಯ ಮನೆಯಲ್ಲಿ ರಾತ್ರಿ ಜಗಳ, ಇವಳು ಅವಳಿಗೆ ಧೈರ್ಯ ಹೇಳುತ್ತಿದ್ದಳಂತೆ. ನಾನು ಹತ್ತಕ್ಕೆ ಕತ್ತರಿಸಿದ್ದು ಅದನ್ನೂ ಸೇರಿಸಿ. ಹಾಗಾದರೆ ಎಷ್ಟು ಗಂಟೆಗೆ ನಿಲ್ಲಿಸೋಣ, ನೀನೇ ಹೇಳು ಅಂದೆ. ಹನ್ನೊಂದೂವರೆ ಅಂದಳು, ಹಗ್ಗಜಗ್ಗಾಟ ಆಗಿ ಹತ್ತೂಮುಕ್ಕಾಲಿಗೆ ನಿಂತಿತು. ಆ ವಯಸ್ಸಿನಲ್ಲಿ ಮೈಗೇ ನಿದ್ದೆ ತಡವಾಗಿ ಬರುತ್ತದೆ. ಒಂಬತ್ತಕ್ಕೆ ಮಲಗು ಅಂದರೆ ಆಗುವ ಮಾತಲ್ಲ.

ಹತ್ತೂಮುಕ್ಕಾಲಿಗೆ ಮನೆಯ ಎಲ್ಲ ಫೋನೂ ಹಾಲ್‌ನಲ್ಲಿ, ಟಿವಿ ಪಕ್ಕದ ಎಕ್ಸ್‌ಟೆನ್ಷನ್ ಬೋರ್ಡಿಗೆ ಚಾರ್ಜ್‌ಗೆ. ನನ್ನದೂ, ಹೆಂಡತಿಯದೂ. ನನಗೆ ರಾತ್ರಿ ಕಸ್ಟಮರ್ ಫೋನ್ ಬರುತ್ತದೆ, ಅದಕ್ಕೆ ಕೆಲಸದ ಸಿಮ್ ಒಂದು ಬಟನ್ ಫೋನಿಗೆ ಹಾಕಿಕೊಂಡೆ. "ಅಲಾರಂಗೆ ಫೋನ್ ಬೇಕು" ಅಂದಳು, ಗಾಂಧಿ ಬಜಾರ್‌ನಿಂದ ಟೇಬಲ್ ಗಡಿಯಾರ ತಂದೆ. ಗೆಳತಿಗೆ ನಿಜವಾಗಿ ಕಷ್ಟ ಬಂದರೆ ಹಾಲ್‌ಗೆ ಬಂದು ಮಾತಾಡಬಹುದು, ನಾವು ಏನೂ ಕೇಳುವುದಿಲ್ಲ ಅಂತ ಮಾತಾಯಿತು. ಎರಡು ಸಲ ಹಾಗೆ ಬಂದು ಮಾತಾಡಿದ್ದಾಳೆ. ಮೊದಲ ಹತ್ತು ದಿನ ಕಷ್ಟವಾಯಿತು, ಅವಳಿಗಿಂತ ನನ್ನ ಹೆಂಡತಿಗೆ ಜಾಸ್ತಿ.

ನಿಮ್ಮ ಮಗನ ವಿಷಯಕ್ಕೆ ಬರುತ್ತೇನೆ. ಲಾಕ್ ಬೇಕು ಅಂತಾದರೆ ಲೈನಿಗೆ ಹಾಕಬೇಡಿ, ಫೋನಿಗೆ ಹಾಕಿ. ಆಂಡ್ರಾಯ್ಡ್ ಆದರೆ ಗೂಗಲ್ ಫ್ಯಾಮಿಲಿ ಲಿಂಕ್, ಐಫೋನ್ ಆದರೆ ಅದರಲ್ಲೇ ಇರುವ ಸ್ಕ್ರೀನ್ ಟೈಮ್. ವೈಫೈ ಇರಲಿ, ಸಿಮ್ ಡೇಟಾ ಇರಲಿ, ಹೇಳಿದ ಸಮಯಕ್ಕೆ ಫೋನೇ ನಿಲ್ಲುತ್ತದೆ. ಹೊಸ ಆಪ್ ಹಾಕಲು ನಿಮ್ಮ ಅನುಮತಿ ಬೇಕು ಅಂತ ಇಡಬಹುದು, ಆಗ ತಡೆಗಳನ್ನು ದಾಟಲು ಹುಡುಗರು ಹಾಕಿಕೊಳ್ಳುವ ವಿಪಿಎನ್ ಆಪ್‌ಗಳ ಕಾಟ ಕಡಿಮೆ. ಹದಿಮೂರು ದಾಟಿದ ಹುಡುಗನ ಖಾತೆಯನ್ನು ಫ್ಯಾಮಿಲಿ ಲಿಂಕ್‌ಗೆ ಸೇರಿಸಲು ಅವನ ಒಪ್ಪಿಗೆ ಬೇಕು. ಹಾಗಾಗಿ ಕೂತು ಮಾತಾಡದೆ ಅದು ಶುರುವೇ ಆಗುವುದಿಲ್ಲ.

ಸಿಮ್‌ಗೆ ಇನ್ನೊಂದು ದಾರಿ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ಫೋನ್ ಕಂಪನಿಗಳಿಗೆ ನಿಯಮ ಮಾಡುವ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಬದಲಾಯಿಸಿದ ಮೇಲೆ ಕಂಪನಿಗಳು ಡೇಟಾ ಇಲ್ಲದ, ಬರೀ ಕಾಲ್ ಮತ್ತು ಎಸ್ಸೆಮ್ಮೆಸ್‌ನ ಪ್ಯಾಕ್ ಕೊಡಲೇಬೇಕಾಗಿದೆ. ಮಗನ ಮುಂದಿನ ರೀಚಾರ್ಜ್ ಹಾಗೆ ಮಾಡಿಸಬಹುದು. ಅದನ್ನೂ ಹೇಳಿಯೇ ಮಾಡಿ. ಟ್ಯೂಷನ್‌ನಿಂದ ಬರುವಾಗ ಮ್ಯಾಪ್ ನೋಡಲು, ನೋಟ್ಸ್ ತರಿಸಿಕೊಳ್ಳಲು ಅವನಿಗೆ ಡೇಟಾ ನಿಜವಾಗಿಯೂ ಬೇಕಾಗಿದ್ದರೆ ಈ ದಾರಿ ಬೇಡ.

ಇನ್‌ಸ್ಟಾಗ್ರಾಂನಲ್ಲಿ ಹದಿಹರೆಯದವರಿಗೆ ಟೀನ್ ಅಕೌಂಟ್ ಅಂತ ಇದೆ, ಇಂಡಿಯಾಗೆ 2025ರಲ್ಲಿ ಬಂತು. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಷನ್ ಬರುವುದಿಲ್ಲ, 16 ತುಂಬದವರು ಅದನ್ನು ಸಡಿಲ ಮಾಡಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ಆದರೆ ಖಾತೆಯಲ್ಲಿ ನಿಜವಾದ ಹುಟ್ಟಿದ ವರ್ಷ ಇದ್ದರೆ ಮಾತ್ರ. ಅಶ್ಲೀಲ ಸೈಟ್‌ಗಳ ಚಿಂತೆ ಇದ್ದರೆ ರೌಟರ್‌ನ ಡಿಎನ್‌ಎಸ್ (ಸೈಟ್‌ನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ 1.1.1.3 ಅಂತ ಹಾಕಿ. ಅದು ಕ್ಲೌಡ್‌ಫ್ಲೇರ್‌ನವರ ಉಚಿತ ಸೇವೆ. ಪೂರ್ತಿ ತಡೆಯುವುದಿಲ್ಲ, ಅರಿಯದೆ ಹೋಗಿ ಬೀಳುವುದನ್ನು ತಪ್ಪಿಸುತ್ತದೆ.

ಊಟ ಬಿಡುತ್ತಾನೆ ಅಂದಿರಿ, ಅದೊಂದು ನನ್ನ ಮನಸ್ಸಿನಲ್ಲಿ ಉಳಿಯಿತು. ಒಂದು ದಿನದ ಹಟ ಆದರೆ ಸರಿಹೋಗುತ್ತದೆ. ಆದರೆ ಫೋನ್ ಇಲ್ಲದಿದ್ದರೆ ಪ್ರತಿ ಸಲವೂ ಊಟ ಬಿಡುವುದು, ಸ್ಕೂಲ್ ತಪ್ಪಿಸುವುದು, ಮೊದಲು ಇಷ್ಟಪಡುತ್ತಿದ್ದ ಆಟ, ಗೆಳೆಯರು ಯಾವುದೂ ಬೇಡ ಅನ್ನುವುದು, ಇದು ತಿಂಗಳುಗಟ್ಟಲೆ ನಡೆದಿದ್ದರೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ಅಲ್ಲಿ ಇದಕ್ಕೆಂದೇ ಶಟ್ ಕ್ಲಿನಿಕ್ ಅಂತ 2014ರಿಂದ ನಡೆಯುತ್ತಿದೆ. ನಮ್ಮ ಊರಿನಲ್ಲೇ ಇರುವಾಗ ಸಂಕೋಚ ಯಾಕೆ? ಹೋಗುವ ಮುಂಚೆ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು. ಯಾವತ್ತೂ ಇಲ್ಲದೆ ಒಮ್ಮೆಲೇ ಫೋನ್ ಮುಚ್ಚಿಡಲು ಶುರು ಮಾಡಿದ್ದರೆ, ಮೆಸೇಜ್ ಬಂದಾಗ ಮುಖ ಬಾಡುತ್ತಿದ್ದರೆ, ಯಾರೋ ಹೆದರಿಸುತ್ತಿರಬಹುದು. ಆಗ ಲಾಕ್ ವಿಷಯ ಬಿಟ್ಟು ಮೊದಲು ಪಕ್ಕದಲ್ಲಿ ಕೂತು ಕೇಳಿ. ಮಕ್ಕಳ ಸಹಾಯಕ್ಕೆ 1098 ಇದೆ.

ಆ ಸೇಫ್ಟಿ ಪಿನ್ ಹುಡುಗನ ಮನೆಯಲ್ಲಿ ಈಗ ಲಾಕ್ ಹತ್ತೂವರೆಗೆ ಇದೆ, ಶನಿವಾರ ಹನ್ನೊಂದೂವರೆಗೆ. ಸಮಯ ಬರೆದಿಟ್ಟದ್ದು ಅವನೇ, ಫ್ರಿಜ್ ಮೇಲೆ ಅಂಟಿಸಿದ್ದಾರೆ. ಆಮೇಲೆ ಆ ಮನೆಯಿಂದ ನನಗೆ ಕಂಪ್ಲೇಂಟ್ ಬಂದಿದ್ದು ಒಂದೇ ಸಲ, ಅದೂ ಮಳೆಗೆ ಮರದ ಕೊಂಬೆ ಬಿದ್ದು ಕೇಬಲ್ ತುಂಡಾದಾಗ.

ನಿಮ್ಮ ರೌಟರ್ ಯಾವ ಮಾಡೆಲ್ ಅಂತ ಇಲ್ಲಿ ಬರೆಯಿರಿ, ಸೆಟ್ಟಿಂಗ್ ಎಲ್ಲಿದೆ ಅಂತ ಹೇಳುತ್ತೇನೆ. ಅದಕ್ಕೂ ಮುಂಚೆ ನಿಮ್ಮ ಮಗನ ಟ್ಯೂಷನ್ ಎಷ್ಟು ಗಂಟೆಗೆ ಮುಗಿಯುತ್ತದೆ, ಅವನು ಮನೆಗೆ ಬಂದು ಊಟಕ್ಕೆ ಕೂರುವುದು ಎಷ್ಟು ಗಂಟೆಗೆ, ಅದನ್ನು ಅವನನ್ನೇ ಕೇಳಿ ಬರೆಯಿರಿ.